ಸೋಡಿಯಂ ದೀಪದ ಗೆರೆ

ಹಾಳೆಯನ್ನು ಓರೆಯಾಗಿ ಹಿಡಿದರೆ ಮಾತ್ರ ಅದು ಕಾಣುತ್ತಿತ್ತು. ನೆಟ್ಟಗೆ ಹಿಡಿದರೆ ಹಿಂಬದಿ ಬರಿ ಬಿಳಿ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಎದುರು ಮನೆಯ ನೀರಿನ ಟಾಕಿಯ ಪಕ್ಕದಿಂದ ಬರುವ ಎಳೆಬಿಸಿಲಿಗೆ ತುಸು ಬಾಗಿಸಿದರೆ, ಪೆನ್ಸಿಲ್ಲಿನಲ್ಲಿ ಒತ್ತಿ ಬರೆದು ಆಮೇಲೆ ರಬ್ಬರಿನಿಂದ ಅಳಿಸಿದ ಅಂಕಿಯ ಅಚ್ಚು ನೆರಳು ಹಿಡಿದು ಮೇಲೇಳುತ್ತಿತ್ತು. ಒಂದು. ಇಲ್ಲವೇ ಎರಡು. ಗುರುಸಂಗಪ್ಪ ಕೊನೆಯ ಹಾಳೆಯನ್ನೂ ಹಾಗೇ ಬಾಗಿಸಿ ನೋಡಿದ. ಒಂದು ಎಂದಿತ್ತು. ಮುಂಬದಿಗೆ ತಿರುಗಿಸಿ, ಮೂಲೆಯಲ್ಲಿ ತಾನು ಮೊದಲು ಬರೆದಿದ್ದ ಎರಡನ್ನು ಅಳಿಸಿ ಒಂದು ಎಂದು ಬರೆದ. ರಬ್ಬರಿನ ಪುಡಿಯನ್ನು ಊದಿದ. ಕೆಲಸ ಮುಗಿಯಿತು, ಇನ್ನಾದರೂ ನಿರಾಳ ಎನಿಸಬೇಕಿತ್ತು. ಎನಿಸಲಿಲ್ಲ. ಕದ್ದು ಬೆಲ್ಲ ತಿಂದ ಸಕ್ಕರೆ ಕಾಯಿಲೆಯವನ ಹಾಗೆ ಒಮ್ಮೆ ಒಳಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಸುಮಲತಾ ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು.

ಹಾಳೆಗಳು ಸಂಗೀತಾ ಕಳಿಸಿದವು. ಗುಡೇಕೋಟೆಯ ಕುರಿ ಕಾಯುವ ದೊಡ್ಡಬೀರಪ್ಪನ ಮಗಳು, ಒಂದು ಕಾಲಕ್ಕೆ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಅವನ ಬಿ.ಎಸ್ಸಿ. ವಿದ್ಯಾರ್ಥಿನಿ, ಈಗ ಪುಣೆಯಲ್ಲಿ ಖಗೋಳ ವಿಜ್ಞಾನದ ಸಂಶೋಧಕಿ. ಎಲ್ಲೋ ಒಂದು ಗೆಲಾಕ್ಸಿಯಲ್ಲಿ ನಕ್ಷತ್ರವೊಂದು ಸಿಡಿಯುತ್ತದೆ, ಅದಕ್ಕೆ ಸೂಪರ್ನೋವಾ ಅನ್ನುತ್ತಾರೆ. ಕೆಲವು ವಾರ ಉರಿದು ಆರುತ್ತದೆ. ಅದು ಆರಿದ ಮೇಲೆ, ಅದು ಹುಟ್ಟಿ ಬೆಳೆದ ಗೆಲಾಕ್ಸಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತ ತೆಗೆಯುತ್ತಾರೆ. ಹಾಳೆಯ ಮೇಲೆ ಎಡದಿಂದ ಬಲಕ್ಕೆ ಅಂಕುಡೊಂಕಾಗಿ ಓಡುವ ಗೆರೆ ಆ ರೋಹಿತವೇ. ಜಲಜನಕ, ಆಮ್ಲಜನಕದ ಗುರುತುಗಳು ಚೂಪಾಗಿ ಮೇಲೆದ್ದಿದ್ದರೆ ಅಲ್ಲಿ ಇನ್ನೂ ಹೊಸ ನಕ್ಷತ್ರ ಹುಟ್ಟುತ್ತಿವೆ ಎಂದು ಅರ್ಥ, ಅದಕ್ಕೆ ಒಂದು. ಅವು ಏಳದೆ ಕ್ಯಾಲ್ಸಿಯಂನ ಜೋಡಿ ತಗ್ಗು ಮಾತ್ರ ಇದ್ದರೆ ಹುಟ್ಟುವುದು ನಿಂತು ಎಷ್ಟೋ ಕಾಲವಾಗಿದೆ, ಅದಕ್ಕೆ ಎರಡು. ಹೇಳಲು ಬಾರದಿದ್ದರೆ ಮೂರು. ಎಂಥ ಮನೆಯಲ್ಲಿ ಎಂಥ ನಕ್ಷತ್ರ ಸಿಡಿಯಿತು ಎನ್ನುವುದರ ಮೇಲೆ ಅವಳ ಪ್ರಬಂಧ ನಿಂತಿತ್ತು. ಇಂಥ ವಿಂಗಡಣೆಯನ್ನು ಒಬ್ಬರೇ ಮಾಡಿದರೆ ಯಾರೂ ನಂಬುವುದಿಲ್ಲವಂತೆ. ಎರಡು ಜೋಡಿ ಕಣ್ಣು ಬೇಕು, ಒಬ್ಬರದು ಒಬ್ಬರು ನೋಡಬಾರದು, ಕೊನೆಗೆ ಹೋಲಿಸಬೇಕು. ಪುಣೆಯಲ್ಲಿರುವವರಿಗೆಲ್ಲ ಅವಳು ಏನು ಹುಡುಕುತ್ತಿದ್ದಾಳೆಂದು ಗೊತ್ತು, ಗೊತ್ತಿದ್ದವರ ಕಣ್ಣು ಬೇಕಾದ್ದನ್ನೇ ಕಾಣುತ್ತದೆ. ರೋಹಿತ ಅಂದರೆ ಏನೆಂದು ತಿಳಿದ, ಆದರೆ ಹೊರಗಿನ ಒಬ್ಬರು ಬೇಕು ಎಂದು ಗೈಡು ಕೇಳಿದಾಗ ಈ ಹುಡುಗಿ ಹಿಂದೆಮುಂದೆ ನೋಡದೆ, "ನಮ್ಮ ಸರ ಅದಾರ" ಎಂದುಬಿಟ್ಟಿದ್ದಳು. ಪ್ರಬಂಧದಲ್ಲಿ ಅವನ ಹೆಸರೂ ಬರುವುದಿತ್ತು. ಅದನ್ನು ಸುಮಲತಾ ಓಣಿಗೆಲ್ಲ ಸಾರಿಯಾಗಿತ್ತು. ಸ್ಟಾಫ್ ರೂಮಿನಲ್ಲಿ ಇತಿಹಾಸದ ಓಬಳೇಶಪ್ಪ, "ಏನಪಾ ಗುರುಸಂಗಪ್ಪ, ನಕ್ಷತ್ರಕ್ಕ ಪಹಣಿ ಪತ್ರ ಕೊಡಾಕ ಹತ್ತೀಯಂತ" ಎಂದು ಕಿಚಾಯಿಸಿದ್ದ. ಅವನು ನಕ್ಕಿದ್ದ, ಒಳಗೆ ಖುಷಿಪಟ್ಟಿದ್ದ.

ಮೊದಮೊದಲು ಅವನು ನ್ಯಾಯವಾಗಿಯೇ ಮಾಡಿದ, ಇದನ್ನು ಹೇಳಲೇಬೇಕು. ಸ್ಕೇಲು, ಭೂತಗನ್ನಡಿ ಇಟ್ಟುಕೊಂಡು, ಊಟವಾದ ಮೇಲೆ ಮೇಜಿನ ಮುಂದೆ ಕೂತು ಒಂದೊಂದೇ ಹಾಳೆ ನೋಡಿದ. ಎಂ.ಫಿಲ್. ಅರ್ಧಕ್ಕೆ ಬಿಟ್ಟು ಈ ಊರಿಗೆ ಬಂದ ಮೇಲೆ ಯಾರೂ ಅವನನ್ನು ಒಂದು ನಿಜವಾದ ಪ್ರಶ್ನೆ ಕೇಳಿರಲಿಲ್ಲ. ನೋಡುತ್ತ ನೋಡುತ್ತ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎಷ್ಟೋ ಹಾಳೆಗಳಲ್ಲಿ ಸೂಜಿಯಂಥ ಒಂದು ಗೆರೆ ಒಂದೇ ಜಾಗದಲ್ಲಿ ಎದ್ದು ನಿಂತಿತ್ತು. ಗೆಲಾಕ್ಸಿ ಎಷ್ಟು ದೂರವೋ ಅದರ ಗೆರೆಗಳು ಅಷ್ಟು ಕೆಂಪಿನ ಕಡೆ ಸರಿದಿರಬೇಕು, ಒಂದೊಂದರದು ಒಂದೊಂದು ಕಡೆ ಬೀಳಬೇಕು. ಇದು ಜಪ್ಪಯ್ಯ ಎಂದರೂ ಸರಿಯುತ್ತಿರಲಿಲ್ಲ. ನಾಲ್ಕೈದು ಹಾಳೆ ಒಟ್ಟಿಗೆ ಹಿಡಿದು ಟ್ಯೂಬ್‌ಲೈಟಿಗೆ ಎತ್ತಿ ನೋಡಿದ, ಎಲ್ಲದರ ಸೂಜಿಯೂ ಒಂದರ ಮೇಲೊಂದು ಕೂತಿತ್ತು. ಕೆಳಗಿನ ಅಳತೆಗೆ ಸ್ಕೇಲ್ ಇಟ್ಟ. ಐದು ಸಾವಿರದ ಎಂಟುನೂರ ತೊಂಬತ್ತಮೂರು. ಅವನು ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟ. ಕಾಲೇಜಿನ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ಹುಡುಗರಿಂದ ಬರೆಸಿದ ಅಂಕಿ ಅದು, ಸೋಡಿಯಂ ದೀಪದ ಹಳದಿ ಬೆಳಕಿನ ತರಂಗಾಂತರ. ಗೆಲಾಕ್ಸಿಯದಲ್ಲವೇ ಅಲ್ಲ. ದೂರದರ್ಶಕದ ಆಚೆ ಯಾವುದೋ ಊರಿನ ಬೀದಿ ದೀಪ ನಮ್ಮ ಆಕಾಶಕ್ಕೆ ಬಳಿದ ಬೆಳಕು, ಲೆಕ್ಕದಲ್ಲಿ ಕಳೆಯುವಾಗ ಪೂರಾ ಕಳೆಯದೆ ಉಳಿದದ್ದು. ಆ ಸೂಜಿ ಬಿಟ್ಟರೆ ಬೇರೇನೂ ಏಳದ ಹಾಳೆಗಳಿಗೆಲ್ಲ ಎರಡು ಎಂದು ಬರೆದ. ಅವತ್ತು ಬಹಳ ಹೊತ್ತು ನಿದ್ದೆ ಹತ್ತಲಿಲ್ಲ, ಸಂತೋಷಕ್ಕೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಹಾಳೆಗಳನ್ನು ಜೋಡಿಸಿಕೊಳ್ಳುವಾಗ ಹಿಂಬದಿಯ ಅಚ್ಚು ಕಂಡಿತು. ಸಂಗೀತಾಳ ಅಂಕಿ. ತಾನು ನೋಡಿ ಬರೆದದ್ದನ್ನು ಅಳಿಸಿ ಅದೇ ಹಾಳೆಗಳನ್ನು ಕಳಿಸಿದ್ದಳು, ಕಾಗದ ಉಳಿಸುವ ಬುದ್ಧಿ. ಕುತೂಹಲಕ್ಕೆ ಒಂದು ನೋಡಿದ. ಸೂಜಿಗೆರೆ ಇದ್ದ ಹಾಳೆ. ಅವನದು ಎರಡು, ಅವಳದು ಒಂದು. ಇನ್ನೊಂದು ನೋಡಿದ. ಅಲ್ಲಿಯೂ ಒಂದು. ಅವಳ ಹತ್ತಿರ ದೂರದರ್ಶಕ ಐತಿ, ಕಂಪ್ಯೂಟರ್ ಐತಿ, ಫಾರಿನ್ನಿಗೆ ಹೋಗಿ ಬಂದ ಗೈಡು ಅದಾನ. ತನ್ನ ಹತ್ತಿರ ಏನಿದೆ? ಒಂದು ಸ್ಕೇಲು. ಬೀದಿ ದೀಪವಂತೆ! ಅಷ್ಟು ದೊಡ್ಡ ಸಂಸ್ಥೆಯವರಿಗೆ ಗೊತ್ತಾಗದ್ದು ಹಗರಿಬೊಮ್ಮನಹಳ್ಳಿಯ ಮಾಸ್ತರನಿಗೆ ಗೊತ್ತಾಯಿತೇ? ಹೋಲಿಸಿ ನೋಡಿದಾಗ ಅವಳು ಏನಂದುಕೊಂಡಾಳು. ಏನೂ ಅನ್ನಲಿಕ್ಕಿಲ್ಲ, ಮರ್ಯಾದೆಯ ಹುಡುಗಿ, ಸುಮ್ಮನೆ ಹಾಳೆ ಮಡಚಿ ಇಟ್ಟುಕೊಳ್ಳುತ್ತಾಳೆ. ಆ ಸುಮ್ಮನಿರುವುದನ್ನು ನೆನೆಸಿಕೊಂಡೇ ಅವನಿಗೆ ಮೈ ಬೆವರಿತು. ಅವತ್ತು ಒಂದೇ ಒಂದು ಹಾಳೆ ತಿದ್ದಿದ. ಆಮೇಲೆ ದಿನಾ ಬೆಳಿಗ್ಗೆ ಕಟ್ಟೆಗೆ ಬಂದು ಕೂತ. ಮೂರು ಎಂದು ಬರೆಯುವ ಗೋಜಿಗಂತೂ ಮೊದಲಿನಿಂದ ಹೋಗಿರಲಿಲ್ಲ. ಗೊತ್ತಿಲ್ಲ ಎಂದು ಬರೆದು ಕೊಡಲಿಕ್ಕೆ ಇವರನ್ನೇ ಹುಡುಕಬೇಕಿತ್ತೇ ಎಂದಾರು.

"ಏನ್ರಿ, ಇನ್ನಾ ಅಲ್ಲೇ ಕುಂತೀರಿ?" ಸುಮಲತಾ ಕೈಯ ಹಿಟ್ಟು ಕೊಡವುತ್ತ ಬಾಗಿಲಿಗೆ ಬಂದಳು. "ಮಧ್ಯಾಹ್ನದ ಬಸ್ಸಿಗೆ ಬರ್ತೀನಿ ಅಂತ ಫೋನ್ ಮಾಡ್ಯಾಳ ಹುಡುಗಿ. ಕಾಲೇಜಿಂದ ಬರೂ ಮುಂದ ಮೊಸರು ತರ್ರಿ. ಆಕಿಗೆ ಎಣ್ಣಿ ಬದನಿಕಾಯಿ ಸೇರ್ತೈತೋ ಇಲ್ಲೋ?"

"ಸೇರ್ತೈತಿ, ಸೇರ್ತೈತಿ."

"ನಿಮಗೇನ್ ಗೊತ್ತು?"

ಗೊತ್ತಿರಲಿಲ್ಲ. ಹಾಗೆ ಹೇಳಿದರೆ ಮಾತು ಮುಗಿಯುತ್ತದೆ ಎಂದು ಹೇಳಿದ್ದ. ತಂಗಿಯ ಸಂಬಂಧ ಗೊತ್ತುಮಾಡುವಾಗಲೂ ಹೀಗೇ ಆಗಿತ್ತು. ಹಿರಿಯರೆಲ್ಲ ಅವನ ಮುಖ ನೋಡಿದ್ದರು, ಓದಿದವನು, ನಿನಗೇನನಿಸುತ್ತದೆ ಹೇಳು ಎಂದಿದ್ದರು. ಅವನು ದೊಡ್ಡಪ್ಪನ ಮುಖ ನೋಡಿದ್ದ. ದೊಡ್ಡಪ್ಪ ಗೋಣು ಹಾಕಿದ, ಇವನೂ ಹಾಕಿದ. ವರನ ಕಣ್ಣಲ್ಲಿ ಏನೋ ಸರಿಯಿಲ್ಲ ಎಂದು ಅನ್ನಿಸಿದ್ದು ಒಳಗೇ ಉಳಿಯಿತು. ತಂಗಿ ಈಗ ಹಡಗಲಿಯಲ್ಲಿದ್ದಾಳೆ, ಚೆನ್ನಾಗಿಯೇ ಇದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ, ಅವನೂ ಹೇಳುತ್ತಾನೆ. ಹಾಳೆಗಳನ್ನು ಲಕೋಟೆಗೆ ಸೇರಿಸಿ ಎದ್ದ.

ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಪ್ರಯೋಗಾಲಯದ ಕತ್ತಲೆ ಕೋಣೆಯ ಬಾಗಿಲಲ್ಲಿ ಅಟೆಂಡರ್ ಮೈಲಪ್ಪ ಕಾದು ನಿಂತಿದ್ದ. "ಸರ, ಸೋಡಿಯಂ ದೀಪ ಈ ಸಲಾನೂ ಹತ್ತವಲ್ದ್ರಿ. ಹೊಸಾದು ಬರೂದು ಇನ್ನ ಮುಂದಿನ ವರ್ಷನ." ಪ್ರತಿ ವರ್ಷದ ಮಾತು, ಪ್ರತಿ ವರ್ಷದ ಉಪಾಯ. ಗುರುಸಂಗಪ್ಪ ಒಳಗೆ ಹೋಗಿ ಬೋರ್ಡಿನ ಮೇಲೆ ಕೋಷ್ಟಕ ಬರೆದ. ಉತ್ತರ ಎಲ್ಲರಿಗೂ ಗೊತ್ತಿರುವುದೇ, ಐದು ಸಾವಿರದ ಎಂಟುನೂರ ತೊಂಬತ್ತಮೂರು. ಅದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಬೆಳಕು ಬಾಗುವ ಕೋನ ಎಷ್ಟಿರಬೇಕು ಎಂದು ಸಿಗುತ್ತದೆ, ಆ ಕೋನವನ್ನು ಕಣ್ಣಾರೆ ಕಂಡ ಹಾಗೆ ಬರೆದರಾಯಿತು. ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸರ, ಎಲ್ಲಾರ್ದೂ ಒಂದಾ ಆದ್ರ ಹೊರಗಿನ ಎಕ್ಸಾಮಿನರ್ ಕೇಳಂಗಿಲ್ರಿ?" ಎಂದಳು. "ಒಬ್ಬೊಬ್ರು ಚೂರು ಆ ಕಡಿ, ಚೂರು ಈ ಕಡಿ ಮಾಡ್ಕೊಳ್ರಿ," ಎಂದು ಅವನು ಹೇಳಿದ, ಹಿಂದಿನ ಬ್ಯಾಚಿಗೆ ಹೇಳಿದ ಹಾಗೆ, ಅದರ ಹಿಂದಿನದಕ್ಕೆ ಹೇಳಿದ ಹಾಗೆ. ಇದರಲ್ಲಿ ಮೋಸ ಇದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ದೀಪವಿಲ್ಲದ ಊರಿನ ಮಕ್ಕಳು ಪಾಸಾಗುವುದು ಬೇಡವೇ? ಇವತ್ತು ಸೀಮೆಸುಣ್ಣ ಹಿಡಿದ ಕೈ ಸ್ವಲ್ಪ ತಡೆಯಿತು, ಅಷ್ಟೆ.

ಸಂಗೀತಾಳ ಬ್ಯಾಚಿನಲ್ಲಿ ದೀಪ ಹತ್ತುತ್ತಿತ್ತು. ಎರಡು ಜಡೆಯ, ಮೂಲೆಯಲ್ಲಿ ನಿಲ್ಲುವ ಹುಡುಗಿ. ಎಲ್ಲರೂ ಹಿರಿಯರ ರೆಕಾರ್ಡು ನೋಡಿ ಬರೆದಾಗ ಅವಳು ಮಾತ್ರ ಕಣ್ಣು ಕಿರಿದು ಮಾಡಿಕೊಂಡು ನೋಡಿ ನೋಡಿ ಆರು ಸಾವಿರದ ಚಿಲ್ಲರೆ ಎಂದು ಬರೆದು ತಂದಿದ್ದಳು. ಮೇಜು ವಾರೆಯಾಗಿತ್ತೋ ಏನೋ. ಅವನು ಇಡೀ ತರಗತಿಯ ಮುಂದೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಇದನ್ನ ಯಾವ ದೀಪದಾಗ ಕಂಡ್ಯವ್ವ, ನಿಮ್ಮ ಹಟ್ಟಿ ಲಾಟೀನದಾಗೇನು?" ಎಂದಿದ್ದ. ಎಲ್ಲರೂ ನಕ್ಕರು. ಹುಡುಗಿ ರೆಕಾರ್ಡು ಎದೆಗೆ ಹಿಡಿದುಕೊಂಡು ನಿಂತಳು, ಅಳಲಿಲ್ಲ. ಮರುದಿನ ಪುಸ್ತಕದ ಅಂಕಿ ಬರೆದು ತಂದಳು, ಅವನು ಗುಡ್ ಎಂದು ಸಹಿ ಹಾಕಿದ. ಅದು ಇಷ್ಟು ವರ್ಷ ನೆನಪಾಗಿರಲಿಲ್ಲ. ಈಗ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಮೊಸರಿನ ಪ್ಯಾಕೆಟ್ ಹಿಡಿದು ನಿಂತಾಗ, ಶೇಂಗಾ ಚೀಲ ಹೇರಿದ ಟ್ರ್ಯಾಕ್ಟರ್ ದಾರಿ ಬಿಡಲಿ ಎಂದು ಕಾಯುವಾಗ, ಅವಳು ರೆಕಾರ್ಡು ಹಿಡಿದುಕೊಂಡ ರೀತಿ ಕಣ್ಣಿಗೆ ಬಂತು. ಮನೆಗೆ ಹೋಗುವುದೇ ಬೇಡ ಎನ್ನಿಸಿತು. ಎಲ್ಲಿಗೆ ಹೋಗಬೇಕು? ಮೊಸರು ಬಿಸಿಲಿಗೆ ಹುಳಿಯಾಗುತ್ತದೆ ಎಂದು ಮನೆಗೇ ಹೋದ.

ಅವಳು ಆಗಲೇ ಬಂದು ಅಡುಗೆಮನೆಯಲ್ಲಿ ಸುಮಲತಾಳ ಪಕ್ಕ ಕೂತಿದ್ದಳು. ಜಡೆ ಹೋಗಿ ಕೂದಲು ಕುತ್ತಿಗೆಗೆ ಬಂದಿತ್ತು, ಕನ್ನಡಕ ಹತ್ತಿತ್ತು, ಮಾತು ಮಾತ್ರ ಗುಡೇಕೋಟೆಯದೇ. ಪುಣೆಯ ಬಾಕರವಡಿ ಪೊಟ್ಟಣ ಬಿಚ್ಚಿ ಸುಮಲತಾ ಆಗಲೇ ನಾಲ್ಕು ತಿಂದಾಗಿತ್ತು. "ಅರಾಮ್ ಅದೀರಿಲ್ರಿ ಸರ?" ಎಂದು ಎದ್ದು ಕಾಲು ಮುಟ್ಟಲು ಬಂದಾಗ ಗುರುಸಂಗಪ್ಪ ಹಿಂದೆ ಸರಿದ. ಊಟಕ್ಕೆ ಕೂತರು. ಬದನೆಕಾಯಿ ಅವಳಿಗೆ ಸೇರುತ್ತಿತ್ತು. ಅಷ್ಟು ಅದೃಷ್ಟ ಅವನಿಗಿತ್ತು. ಅಪ್ಪ ಕುರಿ ಹೊಡೆದುಕೊಂಡು ಕೂಡ್ಲಿಗಿ ಆಚೆಗೆ ಹೋಗಿದ್ದಾನೆ, ಸಂಜೆ ಬಸ್ಸಿಗೆ ಊರಿಗೆ ಹೋಗಿ ಅವ್ವನನ್ನು ನೋಡಿಕೊಂಡು ಸೋಮವಾರ ವಾಪಸ್ಸು, ಗೈಡು ಈ ಹಾಳೆಗಳಿಗಾಗಿಯೇ ಕಾಯುತ್ತಿದ್ದಾರೆ, ಇವು ಸಿಕ್ಕರೆ ಪ್ರಬಂಧ ಕಳಿಸಿಬಿಡುವುದು ಎಂದೆಲ್ಲ ಹೇಳಿದಳು. "ನೀವಾ ಆಗಿದ್ದಕ್ಕ ಆತ್ರಿ ಸರ. ಬ್ಯಾರೇದವ್ರು ಇಷ್ಟು ಹಾಳಿ ನೋಡ್ತಿದ್ದಿಲ್ಲ." ಸುಮಲತಾ ಹೆಮ್ಮೆಯಿಂದ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ದಿನಾ ಮುಂಜಾನಿ ಎದ್ದು ಕಟ್ಟಿಮ್ಯಾಲ ಕುಂತು ನೋಡ್ಯಾರವ್ವ. ಸಂಜಿಮುಂದ ಮಾಡ್ರಿ ಅಂದ್ರ ಕೇಳವಲ್ರು, ಬಿಸ್ಲು ಬೇಕಂತ." ಅವನು ನೀರು ಕುಡಿದ.

ಊಟವಾದ ಮೇಲೆ ಕಟ್ಟೆಗೆ ಬಂದು ಕೂತರು. ಬಿಸಿಲು ಮನೆಯ ಹಿಂದಕ್ಕೆ ಹೋಗಿ ಕಟ್ಟೆಗೆ ನೆರಳು ಬಿದ್ದಿತ್ತು. ಸಂಗೀತಾ ಲಕೋಟೆ ಬಿಚ್ಚಿ ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು, ತನ್ನ ಪಟ್ಟಿಯನ್ನು ಪಕ್ಕಕ್ಕೆ ಹರಡಿ, ಒಂದೊಂದೇ ಹೋಲಿಸತೊಡಗಿದಳು. ಗುರುಸಂಗಪ್ಪ ಓಣಿಯ ಕಡೆ ನೋಡುತ್ತಿದ್ದ. ಎಲ್ಲ ಸರಿಹೊಂದುತ್ತದೆ ಎಂದು ಅವನಿಗೆ ಗೊತ್ತು, ಆದರೂ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ ಕೂತಿದ್ದ. ಅವಳ ಕೈ ನಿಂತಿತು. ಹಾಳೆ ನೋಡಿದಳು, ಪಟ್ಟಿ ನೋಡಿದಳು, ಆ ಹಾಳೆಯನ್ನು ಬೇರೆ ಇಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೊಂದು. ಬೇರೆ ಇಟ್ಟವು ಒಂದು ಸಣ್ಣ ಕಟ್ಟು ಆದವು. ಅವನಿಗೆ ಅರ್ಥವಾಗಲಿಲ್ಲ. ಅವಳು ಬರೆದದ್ದನ್ನೇ ಬರೆದಿದ್ದೇನಲ್ಲ, ತಪ್ಪುವುದು ಹೇಗೆ?

"ಸರ," ಎಂದಳು. ಮುಖದಲ್ಲಿ ನಗು ಹಬ್ಬುತ್ತಿತ್ತು. "ಇವೆಲ್ಲಕ್ಕೂ ನೀವು ಒಂದು ಹಾಕೀರಿ. ನಂದು ಎರಡೈತ್ರಿ."

"ಎರಡಾ?"

"ಈಗ ಎರಡ್ರಿ. ಮೊದಲ ವರ್ಷ ನಾನೂ ಇವಕ್ಕೆಲ್ಲ ಒಂದಾ ಬರ್ದಿದ್ದೆ! ಇಲ್ಲಿ ಸೂಜಿಯಂಗ ಐತಲ್ರಿ, ಇದನ್ನ ನೋಡಿ ಜಲಜನಕದ ಗೆರಿ ಅಂತ ಮೋಸ ಹೋಗಿದ್ದೆ. ಇದು ಬೀದಿ ದೀಪ್ರಿ ಸರ, ಸೋಡಿಯಂ. ನಮ್ಮ ಗೈಡು ಮಂದಿ ಮುಂದ ನಕ್ಕುಬಿಟ್ರು, ಎಲ್ಲಿಂದ ಬಂದೀಯಮ್ಮ, ನಿಮ್ಮೂರಾಗ ಬೀದಿ ದೀಪ ಇಲ್ಲೇನು ಅಂದ್ರು. ಅವತ್ತು ಭಾಳ ಅತ್ತೆ. ಆಮ್ಯಾಲ ಪೂರಾ ಅಳಿಸಿ ಮೊದ್ಲಿಂದ ಮಾಡಿದೆ." ಅವಳು ಹಾಳೆಗಳ ಕಟ್ಟನ್ನು ಎತ್ತಿ ಹಿಡಿದಳು. "ಈಗ ನೋಡ್ರಿ, ನೀವೂ ಹಂಗಾ ಬರ್ದೀರಿ. ಒಂದೂ ಬಿಟ್ಟಿಲ್ಲ, ನಾ ಎಲ್ಲೆಲ್ಲಿ ತಪ್ಪಿದ್ದೆ ಅಲ್ಲೆಲ್ಲ ನೀವೂ ತಪ್ಪೀರಿ. ನಿಮ್ಮ ಕಣ್ಣಾ ನನಗ ಬಂದೈತಿ ಸರ!"

ಅವಳ ದನಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ, ಸಂತೋಷವಿತ್ತು. ಇಷ್ಟು ದಿನ ತನ್ನೊಬ್ಬಳದೇ ದಡ್ಡತನ ಎಂದುಕೊಂಡಿದ್ದು ಗುರುವಿನದೂ ಆಗಿದ್ದಕ್ಕೆ ಬಂದ ಸಂತೋಷ. ಅವಳು ಹೇಳುತ್ತ ಹೋದಳು: ವಿಜ್ಞಾನಿಗಳ ದೊಡ್ಡ ಗುಂಪೊಂದು ಹಿಂದೆ ಇದೇ ಥರದ ವಿಂಗಡಣೆ ಪ್ರಕಟಿಸಿದೆ, ಅದರಲ್ಲೂ ಇಂಥ ತಪ್ಪು ಇರಬೇಕೆಂದು ಅವಳ ಅನುಮಾನ, ಆದರೆ ಗೈಡು ಒಪ್ಪುತ್ತಿರಲಿಲ್ಲ. ಈಗ ಪುರಾವೆ ಸಿಕ್ಕಿತು. ಹೊರಗಿನ ಒಬ್ಬರು, ಏನೂ ತಿಳಿಸದೆ ಕೊಟ್ಟರೂ, ಅದೇ ತಪ್ಪು ಮಾಡಿದರು. ಅಂದರೆ ಯಾವ ಕಣ್ಣಾದರೂ ಇಲ್ಲಿ ಮೋಸ ಹೋಗುತ್ತದೆ. "ಇದಕ್ಕ ಒಂದು ಬ್ಯಾರೆ ಅಧ್ಯಾಯನಾ ಬರೀತೀನ್ರಿ. ನಿಮ್ಮ ಹೆಸರಿಂದನಾ."

ಗುರುಸಂಗಪ್ಪನಿಗೆ ಮೊದಲು ಬಂದದ್ದು ಸಮಾಧಾನ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬದುಕಿದೆ ಎನ್ನಿಸಿತು. ಸುಮ್ಮನೆ ಗೋಣು ಹಾಕಿದರೆ ಸಾಕು. ಹೂಂನವ್ವ, ನನಗೂ ಮೋಸ ಆತು ಅಂದರೆ ಸಾಕು. ತಪ್ಪು ಮಾಡಿಯೂ ಇಷ್ಟು ಮರ್ಯಾದೆ ಯಾರಿಗೆ ಸಿಗುತ್ತದೆ? ಆಮೇಲೆ ನಿಧಾನಕ್ಕೆ ಎರಡನೆಯದು ಬಂತು. ಅವನು ಸರಿ ಇದ್ದ. ಸ್ಕೇಲ್ ಇಟ್ಟು ನೋಡಿ ಒಬ್ಬನೇ ನಕ್ಕ ಆ ಹೊತ್ತು, ಗೈಡಿನ ಹಾಗೆ ಅವನೂ ಕಂಡಿದ್ದ. ಕಂಡದ್ದನ್ನು ಈ ಹುಡುಗಿಯ ಹಳೆಯ ತಪ್ಪಿಗೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದ. ದುಃಖವಾಯಿತು, ನಾಚಿಕೆಗಿಂತ ಮೊದಲು ದುಃಖ. ತನ್ನ ಪದಾರ್ಥವನ್ನು ತಾನೇ ತಿಪ್ಪೆಗೆ ಎಸೆದು ಬಂದಂತೆ. ಮೂರನೆಯದು ಎಲ್ಲಕ್ಕಿಂತ ಸರಳವಾಗಿತ್ತು. ಅವಳು ಈಗ ಬರೆಯಲು ಹೊರಟ ಅಧ್ಯಾಯ ಸುಳ್ಳು. ಅದು ಹೊರಗೆ ಬೀಳುತ್ತದೆ, ಇವತ್ತಲ್ಲ ನಾಳೆ ಯಾರಾದರೂ ಕೆದಕುತ್ತಾರೆ, ಆಗ ಮಂದಿ ನಗುವುದು ಅವನನ್ನು ನೋಡಿ ಅಲ್ಲ, ಎದೆಗೆ ರೆಕಾರ್ಡು ಹಿಡಿದು ನಿಲ್ಲುವ ಈ ಹುಡುಗಿಯನ್ನು ನೋಡಿ. ಒಳಗಿನಿಂದ ಸುಮಲತಾ ಚಹಾ ಸೋಸುವ ವಾಸನೆ ಬಂತು. ಅವಳು ಹೊರಗೆ ಬರುವುದರೊಳಗೆ ಹೇಳಬೇಕು ಎನ್ನಿಸಿತು.

"ಸಂಗೀತಾ," ಎಂದ. "ಹಾಳಿ ಹಿಂದ ತಿರುವಿ ನೋಡು."

"ಯಾಕ್ರಿ?"

"ಬಾಗಿಸಿ ನೋಡವ್ವ. ಬೆಳಕಿಗೆ."

ಅವಳು ಅಂಗಳದ ಅಂಚಿಗೆ ಹೋಗಿ, ಬಿಸಿಲು ಬೀಳುವಲ್ಲಿ ಹಾಳೆಯನ್ನು ಹಿಡಿದು ಬಾಗಿಸಿದಳು. ಒಂದು ನೋಡಿದಳು. ಇನ್ನೊಂದು. ಬೆರಳಿನಿಂದ ಅಚ್ಚನ್ನು ಸವರಿದಳು. ಎದುರು ಮನೆಯ ಟಾಕಿ ತುಂಬಿ ನೀರು ಗೋಡೆಯ ಮೇಲೆ ಹರಿಯುತ್ತಿತ್ತು, ಯಾರೂ ಮೋಟರ್ ಆಫ್ ಮಾಡುತ್ತಿರಲಿಲ್ಲ. ವಾಪಸ್ಸು ಬರುವಾಗ ಅವಳ ಮುಖದ ನಗು ಇಳಿದಿತ್ತು, ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ಮೊದಲ ನೀವು ಏನ್ ಬರ್ದಿದ್ರಿ ಸರ?"

"ಎರಡು."

"ಎಲ್ಲಾಕ್ಕೂ?"

"ಇವಕ್ಕೆಲ್ಲ. ಅದು ಬೀದಿ ದೀಪ ಅಂತ ಗೊತ್ತಾಗಿತ್ತು. ಎಲ್ಲಾ ಹಾಳ್ಯಾಗೂ ಒಂದಾ ಕಡಿ ಇತ್ತಲ್ಲ."

ಅವಳು ಕಟ್ಟೆಯ ಮೇಲೆ ಕೂತಳು. "ನನಗ ಅದು ಗೊತ್ತಾಗಾಕ ವರ್ಷ ಹಿಡೀತ್ರಿ," ಎಂದಳು. ಹಾಳೆಯನ್ನು ಮುಂಬದಿಗೆ ತಿರುಗಿಸಿ, "ಮತ್ಯಾಕ ಅಳಿಸಿದ್ರಿ?"

"ನೀ ಒಂದು ಅಂದಿದ್ಯಲ್ಲ," ಎಂದ ಗುರುಸಂಗಪ್ಪ.

ಸುಮಲತಾ ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, "ಏನಾತ್ರಿ?" ಎಂದಳು. "ಏನಿಲ್ರಿ ಅಮ್ಮಾರ, ಲೆಕ್ಕ ಹತ್ತವಲ್ದು," ಎಂದು ಸಂಗೀತಾ ಲೋಟ ತೆಗೆದುಕೊಂಡಳು. ಸುಮಲತಾ ಒಳಗೆ ಹೋದ ಮೇಲೆ ಅವಳು ನೆಲ ನೋಡುತ್ತ ಮಾತಾಡಿದಳು. "ನಾನು ಬಿ.ಎಸ್ಸಿ. ಇದ್ದಾಗ ನೀವು ನನ್ನ ಲೆಕ್ಕ ಹೊಡದು ಹಾಕಿದ್ರಿ, ನೆನಪೈತೇನ್ರಿ? ಆಮ್ಯಾಲ ಸಂಜಿಗೆ ಕರದು, ದೀಪ ಹಚ್ಚಿ, ಮೇಜು ಸರಿ ಮಾಡಿ, ಈಗ ನೋಡು ಅಂದ್ರಿ. ಅವತ್ತು ಹಳದಿ ಗೆರಿ ಎರಡಾಗಿದ್ದು ನೋಡ್ದೆ. ಅದಕ್ಕಾ ನಾ ಈ ದಾರಿಗೆ ಬಂದಿದ್ದು." ಗುರುಸಂಗಪ್ಪನಿಗೆ ಕೆಂಪು ಶಾಯಿ ನೆನಪಿತ್ತು, ಲಾಟೀನಿನ ಮಾತು ನೆನಪಿತ್ತು, ಸಂಜೆಯ ದೀಪ ನೆನಪಿರಲಿಲ್ಲ. ಹಾಗೆ ಮಾಡಿದ್ದೆನೇ? ಮೈಲಪ್ಪ ಹಚ್ಚಿ ತೋರಿಸಿದ್ದನೋ? ಇಲ್ಲವೇ, ಒಳ್ಳೆಯದನ್ನೇ ನೆನಪಿಟ್ಟುಕೊಳ್ಳಬೇಕೆಂದು ಅವಳು ಹೀಗೆ ಕಟ್ಟಿಕೊಂಡಿದ್ದಾಳೋ? ಹೌದು ಎಂದು ಗೋಣು ತಾನಾಗಿ ಬಾಗುತ್ತಿತ್ತು. ತಡೆದುಕೊಂಡ.

"ನನಗ ನೆನಪಿಲ್ಲವ್ವ," ಎಂದ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಚಹಾ ಮುಗಿಸಿದಳು. ಹಳೆಯ ಹಾಳೆಗಳನ್ನೆಲ್ಲ ಒಟ್ಟುಮಾಡಿ ಚೀಲದ ತಳಕ್ಕೆ ಹಾಕಿ, "ಅವು ಬಿಡ್ರಿ, ಲೆಕ್ಕಕ್ಕ ಬ್ಯಾಡ," ಎಂದು ಇನ್ನೊಂದು ಲಕೋಟೆ ತೆಗೆದಳು. "ಇವು ಈ ಸಲ ತಗದವು. ನನ್ನ ಪೆನ್ಸಿಲ್ ಮುಟ್ಟಿಲ್ಲ. ನಾನು ಕಂಪ್ಯೂಟರದಾಗ ನೋಡೀನಿ, ನೀವು ನೋಡಿಲ್ಲ. ಇಲ್ಲೇ ನೋಡ್ರಿ, ನಾ ಬರ್ಕೊಂತೀನಿ." ಮೊದಲ ಹಾಳೆಯನ್ನು ಅವನ ಮುಂದಿಟ್ಟಳು. ಗುರುಸಂಗಪ್ಪ ಕನ್ನಡಕ ಒರೆಸಿಕೊಂಡು ನೋಡಿದ. ಕ್ಯಾಲ್ಸಿಯಂನ ತಗ್ಗು ಇದ್ದಂತೆಯೂ ಇತ್ತು, ಅಷ್ಟೇ ಆಳದ ಅಂಕುಡೊಂಕು ಗೆರೆಯ ಉದ್ದಕ್ಕೂ ಇತ್ತು. ಜಲಜನಕ ಇರಬೇಕಾದ ಜಾಗದಲ್ಲಿ ಏನೋ ತುಸು ಎದ್ದಿತ್ತು. ಎದ್ದಿತ್ತೋ, ಎದ್ದಂತೆ ಕಾಣುತ್ತಿತ್ತೋ. ಗೊತ್ತಿಲ್ಲದೆಯೇ ಅವನು ತಲೆಯೆತ್ತಿ ಅವಳ ಮುಖ ನೋಡಿದ, ಹುಬ್ಬು ನೋಡಿದ, ತುಟಿ ನೋಡಿದ. ಅಲ್ಲಿ ಒಂದಿದೆಯೋ ಎರಡಿದೆಯೋ ಎಂದು ಹುಡುಕಿದ. ಅವನು ಹುಡುಕುತ್ತಿರುವುದನ್ನು ಅವಳು ಕಂಡಳು. ಅವಳ ಕಿವಿ ಕೆಂಪಾಯಿತು. ಕೂತಲ್ಲೇ ತಿರುಗಿ, ಅವನಿಗೆ ಬೆನ್ನು ಹಾಕಿ, ಓಣಿಯ ಕಡೆ ಮುಖ ಮಾಡಿ, ಪೆನ್ನು ಹಿಡಿದು ಕಾದಳು.

ಇಷ್ಟು ದೊಡ್ಡ ಅವಮಾನವನ್ನು ಯಾರೂ ಅವನಿಗೆ ಇಷ್ಟು ಮೆತ್ತಗೆ ಮಾಡಿರಲಿಲ್ಲ. ಹಾಳೆಯನ್ನು ಮಂಡಿಯ ಮೇಲೆ ಇಟ್ಟುಕೊಂಡ. ನೋಡಿದ. ಮತ್ತೆ ನೋಡಿದ. ಸ್ಕೇಲ್ ಇಟ್ಟ, ತೆಗೆದ. ಅವಳ ಬಾಗಿದ ಕುತ್ತಿಗೆಯಲ್ಲಿ ಏನೂ ಬರೆದಿರಲಿಲ್ಲ, ಓಣಿಯಲ್ಲಿ ಬರೆದಿರಲಿಲ್ಲ, ಎದುರು ಮನೆಯವರು ಕೊನೆಗೂ ಮೋಟರ್ ನಿಲ್ಲಿಸಿದರು. ಒಂದು ಎನ್ನಬಹುದಿತ್ತು. ಎರಡು ಎಂದರೂ ನಡೆಯುತ್ತಿತ್ತು. ಪಾಠ ಮಾಡಲು ನಿಂತ ದಿನದಿಂದ ಯಾವ ಹುಡುಗನ ಮುಂದೆಯೂ ಬಾಯಿಂದ ಹೊರಡದ ಮಾತೊಂದು ಇತ್ತು.

"ಮೂರು," ಎಂದ.

"ಮೂರು," ಎಂದು ಸಂಗೀತಾ ತಿರುಗದೆ ಬರೆದುಕೊಂಡಳು.

ಒಳಗಿನಿಂದ ಸುಮಲತಾ, "ಬಸ್ಸಿನ ಹೊತ್ತಾತವ್ವ!" ಎಂದು ಕೂಗಿದಳು. "ಮುಂದಿನ ಬಸ್ಸಿಗೆ ಹೋಗ್ತೀನ್ರಿ," ಎಂದು ಇವಳು ಇಲ್ಲಿಂದಲೇ ಕೂಗಿದಳು. ಗುರುಸಂಗಪ್ಪ ಎರಡನೆಯ ಹಾಳೆಯನ್ನು ಎಳೆದುಕೊಂಡ. ಐದು ಸಾವಿರದ ಎಂಟುನೂರ ತೊಂಬತ್ತಮೂರರ ಹತ್ತಿರ ಸೂಜಿ ಎದ್ದಿತ್ತು. ಅದರ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಉಳಿದದ್ದನ್ನು ನೋಡತೊಡಗಿದ. ಈ ಸಲ ತಲೆ ಎತ್ತಲಿಲ್ಲ.